ಮನೆಯ ಬಾರ್ಬೆಕ್ಯೂ

ಮನೆಯ ಬಾರ್ಬೆಕ್ಯೂ ಎಂಬುದು ಮನೆಯ ಹಿತ್ತಲು, ಅಂಗಳ ಅಥವಾ ತೆರೆದ ತಾರಸಿಯಲ್ಲಿ ಇದ್ದಿಲು, ಕಟ್ಟಿಗೆ ಇಲ್ಲವೇ ಅನಿಲದ ಉರಿಯಿಂದ ಮಾಂಸ, ಮೀನು ಮತ್ತು ತರಕಾರಿಗಳನ್ನು ಬೇಯಿಸುವ ಪದ್ಧತಿ. ಈಗ ಪ್ರಚಲಿತವಿರುವ ರೂಪದಲ್ಲಿ ಇದು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ, ಎರಡನೆಯ ಮಹಾಯುದ್ಧದ ಅನಂತರ ನಗರಗಳ ಹೊರವಲಯದಲ್ಲಿ ಹಿತ್ತಲುಳ್ಳ ಮನೆಗಳು ಹೆಚ್ಚಿದಂತೆ ಬೆಳೆಯಿತು. ಇದರಲ್ಲಿ ಉಪಕರಣದ ಆಯ್ಕೆಯೂ ಪಾಕಕ್ರಮದ ಆಯ್ಕೆಯೂ ಒಂದನ್ನೊಂದು ಅವಲಂಬಿಸಿವೆ. ಎಂಟು ಗಂಟೆ ಮಂದ ಶಾಖದಲ್ಲಿ ಬೇಯಬೇಕಾದ ಮಾಂಸವನ್ನು ಮುಚ್ಚಳವಿಲ್ಲದ ಒಲೆಯ ಮೇಲಿಟ್ಟರೆ ಹೊರಗೆ ಕರಿದು ಒಳಗೆ ಹಸಿಯಾಗಿ ಉಳಿಯುತ್ತದೆ. ಐದು ನಿಮಿಷದಲ್ಲಿ ಬೇಯುವ ಸೀಗಡಿಗೆ ದುಬಾರಿ ಹೊಗೆಪೆಟ್ಟಿಗೆ ಅನಗತ್ಯ. ಆದ್ದರಿಂದ ಏನನ್ನು ಬೇಯಿಸಬೇಕು ಎಂಬುದನ್ನು ನಿರ್ಧರಿಸಿದ ಬಳಿಕವೇ ಉಪಕರಣವನ್ನು ಕೊಳ್ಳುವುದು ಸೂಕ್ತ.

ಹೆಸರು ಮತ್ತು ಅರ್ಥ

ಬಾರ್ಬೆಕ್ಯೂ ಎಂಬ ಪದವು ಕೆರಿಬಿಯನ್ ದ್ವೀಪಗಳ ಟೈನೊ ಜನರ ಭಾಷೆಯಿಂದ, ಸ್ಪ್ಯಾನಿಷಿನ ‘ಬಾರ್ಬಕೋವಾ’ ಎಂಬ ರೂಪದ ಮೂಲಕ ಇಂಗ್ಲಿಷಿಗೆ ಬಂದಿತು. ಮೂಲದಲ್ಲಿ ಅದು ಕವಲುಗಂಬಗಳ ಮೇಲೆ ಕೋಲುಗಳನ್ನು ಅಡ್ಡಹಾಸಿ ಕಟ್ಟಿದ ಅಟ್ಟದ ಹೆಸರು. ಅಂತಹ ಅಟ್ಟದ ಕೆಳಗೆ ಬೆಂಕಿಯಿಟ್ಟು ಮೇಲೆ ಮಾಂಸ ಅಥವಾ ಮೀನನ್ನು ಹರಡಿ ಒಣಗಿಸುವ, ಬೇಯಿಸುವ ರೂಢಿಯಿತ್ತು.

ಇಂದು ಈ ಪದದ ಅರ್ಥ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಬ್ರಿಟನ್ ಮತ್ತು ಆಸ್ಟ್ರೇಲಿಯಗಳಲ್ಲಿ ಹೊರಾಂಗಣದಲ್ಲಿ ಜಾಲರಿಯ ಮೇಲೆ ಏನನ್ನು ಸುಟ್ಟರೂ ಅದು ಬಾರ್ಬೆಕ್ಯೂ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮಾತ್ರ ಈ ಹೆಸರು ಮಂದ ಶಾಖ ಮತ್ತು ಕಟ್ಟಿಗೆಯ ಹೊಗೆಯಲ್ಲಿ ಗಂಟೆಗಟ್ಟಲೆ ಬೇಯಿಸಿದ ಮಾಂಸಕ್ಕೆ ಮೀಸಲು. ಪ್ರಖರ ಉರಿಯಲ್ಲಿ ಬೇಗ ಸುಡುವುದನ್ನು ಅಲ್ಲಿ ಗ್ರಿಲ್ ಮಾಡುವುದು ಎನ್ನುತ್ತಾರೆ. ಭಾರತದ ಹೋಟೆಲುಗಳಲ್ಲಿ ಬಾರ್ಬೆಕ್ಯೂ ಎಂದು ಬಡಿಸುವುದು ಬಹುಪಾಲು ಕಬಾಬಿನ ಮಾದರಿಯ, ಅಂದರೆ ಎರಡನೆಯ ಬಗೆಯ ಅಡುಗೆ. ಪಾಕಕ್ರಮವೊಂದನ್ನು ಅನುಸರಿಸುವಾಗ ಅದು ಈ ಎರಡರಲ್ಲಿ ಯಾವುದು ಎಂದು ಮೊದಲು ಗುರುತಿಸಿಕೊಳ್ಳಬೇಕು.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಬಾರ್ಬೆಕ್ಯೂ ಎಂದರೆ ನೆಲದಲ್ಲಿ ತೋಡಿದ ಉದ್ದನೆಯ ಕುಳಿಯ ಕೆಂಡದ ಮೇಲೆ ಇಡೀ ಹಂದಿ ಅಥವಾ ದನವನ್ನು ಬೇಯಿಸಿ ಊರಿಗೆಲ್ಲ ಬಡಿಸುವ ಸಂತರ್ಪಣೆಯಾಗಿತ್ತು. ರಾತ್ರಿಯಿಡೀ ಕೆಂಡ ಕಾಯುವ ಈ ಶ್ರಮವನ್ನು ದಕ್ಷಿಣದಲ್ಲಿ ಬಹುಮಟ್ಟಿಗೆ ಗುಲಾಮಗಿರಿಯಲ್ಲಿದ್ದ ಆಫ್ರಿಕನ್ ಮೂಲದವರು ಮಾಡುತ್ತಿದ್ದರು. ಇಂದಿನ ಪಾಕಕ್ರಮಗಳ ಹಿಂದೆ ಅವರ ಕೌಶಲವಿದೆ.

ಈ ಅಡುಗೆ ಮನೆಯ ಅಳತೆಗೆ ಇಳಿಯಲು ಎರಡು ವಸ್ತುಗಳು ಕಾರಣವಾದವು. ಮೊದಲನೆಯದು ಅಚ್ಚೊತ್ತಿದ ಇದ್ದಿಲಿನ ಉಂಡೆ. 1920ರ ದಶಕದಲ್ಲಿ ಹೆನ್ರಿ ಫೋರ್ಡ್ ತನ್ನ ಕಾರು ತಯಾರಿಕೆಯಲ್ಲಿ ಉಳಿದ ಮರದ ಚೂರುಗಳಿಂದ ಮಿಷಿಗನ್ ರಾಜ್ಯದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರಿದನು. ಇದೇ ಉದ್ಯಮ ಮುಂದೆ ಕಿಂಗ್ಸ್‌ಫರ್ಡ್ ಎಂಬ ಹೆಸರು ಪಡೆಯಿತು. ಎರಡನೆಯದು 1952ರಲ್ಲಿ ಷಿಕಾಗೋ ಪ್ರದೇಶದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿ ಕೆಲಸಮಾಡುತ್ತಿದ್ದ ಜಾರ್ಜ್ ಸ್ಟೀಫನ್ ರೂಪಿಸಿದ ಕೆಟಲ್ ಗ್ರಿಲ್. ನೀರಿನಲ್ಲಿ ತೇಲಿಬಿಡುವ ಲೋಹದ ಬೋಯಾಗಳಿಗಾಗಿ ತಯಾರಾಗುತ್ತಿದ್ದ ಅರ್ಧಗೋಳಗಳಲ್ಲಿ ಒಂದನ್ನು ಪಾತ್ರೆಯಾಗಿಸಿ, ಇನ್ನೊಂದನ್ನು ಮುಚ್ಚಳವಾಗಿಸಿ, ಗಾಳಿಕಿಂಡಿಗಳನ್ನು ಇಟ್ಟದ್ದೇ ಇದರ ವಿಶೇಷ. ಬೆಂಕಿಯನ್ನು ಮುಚ್ಚಿ ಗಾಳಿಯಿಂದ ನಿಯಂತ್ರಿಸಬಹುದು ಎಂಬ ಅನುಕೂಲ ಇದರಿಂದ ಸಾಮಾನ್ಯ ಮನೆಗಳಿಗೂ ದೊರಕಿತು.

ಕೆಂಡದಲ್ಲಿ ಸುಡುವ ಅಡುಗೆ ಕರ್ನಾಟಕಕ್ಕೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅಡುಗೆಯ ಭಾಗದಲ್ಲಿ ಮಾಂಸವನ್ನು ಕೆಂಡದಲ್ಲಿ ಸುಡುವ ಕ್ರಮಗಳಿವೆ. ಸುಟ್ಟ ಬದನೆಕಾಯಿಯ ಗೊಜ್ಜು ಇಂದಿಗೂ ದಿನಬಳಕೆಯ ಅಡುಗೆ. ಇವೆಲ್ಲ ನೇರ ಉರಿಯ ಪದ್ಧತಿಗಳು. ಅಮೆರಿಕದ ಮಂದ ಶಾಖದ ಪದ್ಧತಿಯೊಂದಿಗೆ ಇವುಗಳಿಗೆ ಐತಿಹಾಸಿಕ ಸಂಬಂಧವಿಲ್ಲ.

ಶಾಖದ ಎರಡು ಬಗೆ

ಉಪಕರಣ ಯಾವುದೇ ಇರಲಿ, ಶಾಖವನ್ನು ಎರಡು ರೀತಿಯಲ್ಲಿ ಬಳಸಬಹುದು. ಆಹಾರವನ್ನು ಕೆಂಡದ ಮೇಲೆಯೇ ಇಡುವುದು ನೇರ ಶಾಖ. ಇಲ್ಲಿ ಕೆಂಡದ ವಿಕಿರಣವೇ ಪ್ರಧಾನ. ಜಾಲರಿಯ ಮಟ್ಟದಲ್ಲಿ ತಾಪ 230 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಇರುತ್ತದೆ. ಮೇಲ್ಮೈಯ ತೇವ ಆರಿ, ಸುಮಾರು 140 ಡಿಗ್ರಿಯಿಂದ ಮೇಲೆ ಪ್ರೋಟೀನು ಮತ್ತು ಸಕ್ಕರೆಗಳ ನಡುವೆ ಬಿರುಸಾಗಿ ನಡೆಯುವ ಮೇಯಾರ್ ಕ್ರಿಯೆಯಿಂದ ಕಂದುಬಣ್ಣ ಮತ್ತು ಸುಟ್ಟ ಸ್ವಾದ ಉಂಟಾಗುತ್ತವೆ. ಕೆಂಡವನ್ನು ಒಂದು ಬದಿಗೆ ಸರಿಸಿ, ಆಹಾರವನ್ನು ಇನ್ನೊಂದು ಬದಿಯಲ್ಲಿಟ್ಟು ಮುಚ್ಚುವುದು ಪರೋಕ್ಷ ಶಾಖ. ಆಗ ಒಳಗೆ ಸುತ್ತುವ ಬಿಸಿಗಾಳಿ ಆಹಾರವನ್ನು ಎಲ್ಲ ಕಡೆಯಿಂದ ಬೇಯಿಸುತ್ತದೆ. ಇಪ್ಪತ್ತು ನಿಮಿಷದೊಳಗೆ ಬೇಯುವುದಕ್ಕೆ ನೇರ ಶಾಖ, ಅದಕ್ಕಿಂತ ಹೆಚ್ಚು ಹೊತ್ತು ಬೇಕಾದುದಕ್ಕೆ ಪರೋಕ್ಷ ಶಾಖ ಎಂಬುದು ಸ್ಥೂಲವಾದ ಲೆಕ್ಕ. ಒಂದೇ ಒಲೆಯಲ್ಲಿ ಅರ್ಧ ಭಾಗಕ್ಕೆ ಕೆಂಡ ಹರಡಿ ಅರ್ಧ ಖಾಲಿ ಬಿಡುವುದನ್ನು ಎರಡು ವಲಯದ ಬೆಂಕಿ ಎನ್ನುತ್ತಾರೆ. ಹೊಸದಾಗಿ ಕಲಿಯುವವರು ಮೊದಲು ರೂಢಿಸಿಕೊಳ್ಳಬೇಕಾದ ಕ್ರಮ ಇದು. ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದಾಗ ಆಹಾರವನ್ನು ಪಕ್ಕಕ್ಕೆ ಸರಿಸಲು ಇದರಿಂದ ಸ್ಥಳ ದೊರೆಯುತ್ತದೆ.

ಮಂದ ಶಾಖದ ಅಗತ್ಯ ಮಾಂಸದ ರಚನೆಯಿಂದ ಬಂದದ್ದು. ಪ್ರಾಣಿ ಹೆಚ್ಚು ದುಡಿಸುವ ಭುಜ, ಎದೆ ಮೊದಲಾದ ಭಾಗಗಳಲ್ಲಿ ಸ್ನಾಯುಗಳನ್ನು ಬಿಗಿಯುವ ಕೊಲಾಜನ್ ಎಂಬ ನಾರುಪ್ರೋಟೀನು ಅಧಿಕ. ಇದು ಕರಗಿ ಜೆಲಾಟಿನ್ ಆಗಲು ಶಾಖದಷ್ಟೇ ಸಮಯವೂ ಬೇಕು. ಆದ್ದರಿಂದ ಇಂತಹ ತುಂಡುಗಳನ್ನು 107ರಿಂದ 121 ಡಿಗ್ರಿಯ ಗಾಳಿಯಲ್ಲಿ, ಒಳಗಿನ ತಾಪ 93ರಿಂದ 96 ಡಿಗ್ರಿ ತಲುಪುವವರೆಗೆ ಬೇಯಿಸುತ್ತಾರೆ. ಆಹಾರ ಸುರಕ್ಷತೆಗೆ ಇಷ್ಟು ಬೇಕಿಲ್ಲ; ಮಾಂಸ ಮೃದುವಾಗಲು ಬೇಕು. ಕೋಳಿಯ ಎದೆಯಂತಹ, ಕೊಲಾಜನ್ ಕಡಿಮೆಯಿರುವ ಭಾಗವನ್ನು ಅದೇ ತಾಪಕ್ಕೆ ಒಯ್ದರೆ ಅದು ಒಣಗಿ ನಾರಾಗುತ್ತದೆ. ‘ಹೆಚ್ಚು ಬೇಯಿಸಿದಷ್ಟೂ ಮೃದು’ ಎಂಬ ಮಾತು ಎಲ್ಲ ಮಾಂಸಕ್ಕೂ ಸಲ್ಲುವುದಿಲ್ಲ.

ದೊಡ್ಡ ತುಂಡುಗಳಲ್ಲಿ ಒಳಗಿನ ತಾಪ 65ರಿಂದ 75 ಡಿಗ್ರಿಯ ನಡುವೆ ಎಲ್ಲೋ ಒಂದೆಡೆ ಗಂಟೆಗಳ ಕಾಲ ಏರದೆ ನಿಂತುಬಿಡುವುದುಂಟು. ಬೆವರು ಆರುವಾಗ ದೇಹ ತಣಿಯುವಂತೆ, ಮಾಂಸದ ಮೇಲ್ಮೈಯಿಂದ ಆವಿಯಾಗುವ ನೀರು ಶಾಖವನ್ನು ಹೀರುವುದೇ ಇದಕ್ಕೆ ಕಾರಣ. ಇದನ್ನು ತಿಳಿಯದವರು ಬೆಂಕಿ ಸಾಲದೆಂದು ಇದ್ದಿಲು ಸುರಿದು ಮಾಂಸವನ್ನು ಕೆಡಿಸುತ್ತಾರೆ. ತಾಳ್ಮೆಯಿಂದ ಕಾಯಬಹುದು, ಇಲ್ಲವೇ ಅಲ್ಯೂಮಿನಿಯಂ ಹಾಳೆ ಅಥವಾ ಮೇಣವಿಲ್ಲದ ದಪ್ಪ ಕಾಗದದಲ್ಲಿ ಮಾಂಸವನ್ನು ಬಿಗಿಯಾಗಿ ಸುತ್ತಿ ಆವಿಯನ್ನು ತಡೆಯಬಹುದು. ಸುತ್ತಿದರೆ ಸಮಯ ಉಳಿಯುತ್ತದೆ, ಹೊರಪದರದ ಗರಿಗರಿತನ ಸ್ವಲ್ಪ ಕಳೆಯುತ್ತದೆ.

ಉಪಕರಣಗಳು

ಭಾರತದ ಅಂಗಡಿಗಳಲ್ಲಿ ಬಾರ್ಬೆಕ್ಯೂ ಎಂಬ ಹೆಸರಿನಲ್ಲಿ ಕಡಿಮೆ ಬೆಲೆಗೆ ಸಿಗುವುದು ಸಾಮಾನ್ಯವಾಗಿ ಮುಚ್ಚಳವಿಲ್ಲದ ತಗಡಿನ ಆಯತಾಕಾರದ ಒಲೆ. ಕಬ್ಬಿಣದ ಸರಳಿಗೆ ಪೋಣಿಸಿದ ಕೋಳಿ, ಪನೀರು, ಜೋಳದ ತೆನೆಗಳಿಗೆ ಇದು ಸಾಕು. ಪರೋಕ್ಷ ಶಾಖದ ಯಾವ ಅಡುಗೆಯೂ ಇದರಲ್ಲಿ ಸಾಧ್ಯವಿಲ್ಲ. ತಗಡು ತೆಳುವಾಗಿದ್ದರೆ ಕೆಲವೇ ಬಳಕೆಯಲ್ಲಿ ಬಾಗುತ್ತದೆ.

ಕೆಟಲ್ ಗ್ರಿಲ್ ಎರಡೂ ಬಗೆಯ ಶಾಖಕ್ಕೆ ಒದಗುತ್ತದೆ. ಒಂದೇ ಉಪಕರಣ ಕೊಳ್ಳುವುದಾದರೆ ಇದೇ ಯೋಗ್ಯ. ಸುಮಾರು 57 ಸೆಂಟಿಮೀಟರ್ ವ್ಯಾಸದ್ದು ನಾಲ್ಕೈದು ಜನರ ಕುಟುಂಬಕ್ಕೆ ಅನುಕೂಲ. ಅದಕ್ಕಿಂತ ಬಹಳ ಚಿಕ್ಕದಾದರೆ ಕೆಂಡವನ್ನು ಬದಿಗೆ ಸರಿಸಿದ ಮೇಲೆ ಆಹಾರಕ್ಕೆ ಸ್ಥಳ ಉಳಿಯುವುದಿಲ್ಲ. ಕೊಳ್ಳುವಾಗ ಬಣ್ಣ, ಚಕ್ರಗಳಿಗಿಂತ ಮುಚ್ಚಳ ಸರಿಯಾಗಿ ಕೂರುತ್ತದೆಯೇ, ಕೆಳಗಿನ ಮತ್ತು ಮೇಲಿನ ಗಾಳಿಕಿಂಡಿಗಳು ಪೂರ್ತಿ ಮುಚ್ಚುತ್ತವೆಯೇ ಎಂದು ನೋಡಬೇಕು. ತಾಪವನ್ನು ಮುಖ್ಯವಾಗಿ ಕೆಳಗಿನ ಕಿಂಡಿಯಿಂದ ನಿಯಂತ್ರಿಸಿ, ಹೊಗೆ ಕಟ್ಟಿಕೊಂಡು ಕಹಿಯಾಗದಂತೆ ಮೇಲಿನದನ್ನು ತೆರೆದಿಡುವುದು ವಾಡಿಕೆ. ಇದ್ದಿಲನ್ನು ಪಾತ್ರೆಯ ಅಂಚಿನಲ್ಲಿ ಹಾವಿನಂತೆ ಸಾಲಾಗಿ ಜೋಡಿಸಿ ಒಂದು ತುದಿಗೆ ಮಾತ್ರ ಬೆಂಕಿ ಹೊತ್ತಿಸಿದರೆ ಮಂದ ಶಾಖ ಹಲವು ಗಂಟೆ ಬಾಳುತ್ತದೆ.

ಅನಿಲದ ಗ್ರಿಲ್ ಹತ್ತು ನಿಮಿಷದಲ್ಲಿ ಸಿದ್ಧವಾಗುತ್ತದೆ, ಬೂದಿಯ ಕಾಟವಿಲ್ಲ. ವಾರದ ದಿನಗಳಲ್ಲಿ ಬಳಸುವವರಿಗೆ ಇದು ಒಳ್ಳೆಯದು. ಪರೋಕ್ಷ ಶಾಖಕ್ಕಾಗಿ ಒಂದನ್ನು ಉರಿಸಿ ಉಳಿದವನ್ನು ಆರಿಸಲು ಕನಿಷ್ಠ ಎರಡು, ಸಾಧ್ಯವಾದರೆ ಮೂರು ಬರ್ನರುಗಳಿರಬೇಕು. ಜಾಹೀರಾತುಗಳಲ್ಲಿ ದೊಡ್ಡದಾಗಿ ಮುದ್ರಿಸುವ ಬಿ.ಟಿ.ಯು. ಅಂಕಿ ಗಂಟೆಗೆ ಉರಿಯುವ ಅನಿಲದ ಅಳತೆಯೇ ಹೊರತು ಜಾಲರಿಯ ಬಿಸಿಯ ಅಳತೆಯಲ್ಲ. ಅದನ್ನು ಜಾಲರಿಯ ವಿಸ್ತಾರದಿಂದ ಭಾಗಿಸಿ ನೋಡಿದರೆ ಮಾತ್ರ ಹೋಲಿಕೆಗೆ ಅರ್ಥವಿದೆ. ವಿದೇಶದಿಂದ ತಂದ ಗ್ರಿಲ್ಲಿನ ರೆಗ್ಯುಲೇಟರ್ ಭಾರತದ ಗೃಹಬಳಕೆಯ ಸಿಲಿಂಡರಿಗೆ ಹೊಂದುವುದಿಲ್ಲ. ಅದನ್ನು ಹೇಗೋ ಕೂರಿಸುವ ಪ್ರಯತ್ನ ಅಪಾಯಕಾರಿ.

ಜಪಾನಿನ ಒಲೆಯ ಮಾದರಿಯಿಂದ ಬಂದ ಮೊಟ್ಟೆಯಾಕಾರದ ಕಮಾಡೊ ದಪ್ಪ ಸೆರಾಮಿಕ್ ಗೋಡೆಯುಳ್ಳದ್ದು. 1974ರಲ್ಲಿ ಅಟ್ಲಾಂಟಾದಲ್ಲಿ ಸ್ಥಾಪನೆಯಾದ ಬಿಗ್ ಗ್ರೀನ್ ಎಗ್ ಕಂಪನಿ ಇದನ್ನು ಅಮೆರಿಕದಲ್ಲಿ ಜನಪ್ರಿಯಗೊಳಿಸಿತು. ಕಡಿಮೆ ಇದ್ದಿಲಿನಲ್ಲಿ ದೀರ್ಘಕಾಲ ಒಂದೇ ತಾಪವನ್ನು ಹಿಡಿದಿಡುವುದು ಇದರ ಗುಣ. ಆದರೆ ಒಮ್ಮೆ ಅತಿಯಾಗಿ ಕಾದರೆ ಬೇಗ ತಣಿಯದು, ತೂಕ ಬಹಳ, ಬಿದ್ದರೆ ಒಡೆಯುತ್ತದೆ. ಬಿಸಿಯಾಗಿರುವಾಗ ಮುಚ್ಚಳವನ್ನು ಥಟ್ಟನೆ ತೆರೆದರೆ ಒಳನುಗ್ಗುವ ಗಾಳಿಯಿಂದ ಜ್ವಾಲೆ ಮುಖಕ್ಕೆ ಹಾರಬಹುದು. ಮೊದಲು ಒಂದು ಬೆರಳಿನಷ್ಟು ತೆರೆದು ಕ್ಷಣಕಾಲ ತಡೆಯಬೇಕು.

ಬೆಂಕಿಯ ಪೆಟ್ಟಿಗೆ ಪಕ್ಕದಲ್ಲಿರುವ ಆಫ್‌ಸೆಟ್ ಸ್ಮೋಕರಿನಲ್ಲಿ ಕಟ್ಟಿಗೆಯನ್ನೇ ಉರಿಸುವುದರಿಂದ ಟೆಕ್ಸಸ್ ಶೈಲಿಯ ಹೊಗೆಯ ಸ್ವಾದ ದೊರೆಯುತ್ತದೆ. ಆದರೆ ಅರ್ಧ ಮುಕ್ಕಾಲು ಗಂಟೆಗೊಮ್ಮೆ ಕಟ್ಟಿಗೆ ಒಡ್ಡುತ್ತ ಪಕ್ಕದಲ್ಲೇ ಇರಬೇಕಾಗುತ್ತದೆ. ಅಗ್ಗದ, ತೆಳು ತಗಡಿನ ಆಫ್‌ಸೆಟ್‌ಗಳಲ್ಲಿ ತಾಪ ನಿಲ್ಲುವುದಿಲ್ಲ. ಅದೇ ಹಣಕ್ಕೆ ಒಳ್ಳೆಯ ಕೆಟಲ್ ಬರುತ್ತದೆ. ಒರೆಗಾನ್ ರಾಜ್ಯದ ಟ್ರೇಗರ್ ಕಂಪನಿ 1980ರ ದಶಕದಲ್ಲಿ ತಂದ ಪೆಲೆಟ್ ಗ್ರಿಲ್ಲಿನಲ್ಲಿ ಒತ್ತಿದ ಮರದ ಹೊಟ್ಟಿನ ಗುಳಿಗೆಗಳನ್ನು ವಿದ್ಯುತ್ ಯಂತ್ರವೇ ಬೆಂಕಿಗೆ ಉಣಿಸುತ್ತದೆ. ವಿದ್ಯುತ್ ನಿಂತರೆ ಅಡುಗೆಯೂ ನಿಲ್ಲುತ್ತದೆ. ತೇವ ತಗುಲಿದ ಗುಳಿಗೆ ಉಬ್ಬಿ ಪುಡಿಯಾಗಿ ಯಂತ್ರವನ್ನು ಕಟ್ಟಿಸುವುದರಿಂದ ಮಲೆನಾಡು, ಕರಾವಳಿಗಳ ಮಳೆಗಾಲಕ್ಕೆ ಇದು ಹೇಳಿಸಿದ್ದಲ್ಲ.

ಇಂಧನ

ಮರದ ರೂಪದಲ್ಲೇ ಸುಟ್ಟ ಇದ್ದಿಲು ಬೇಗ ಹೊತ್ತಿ ಹೆಚ್ಚು ಬಿಸಿ ಕೊಟ್ಟು ಕಡಿಮೆ ಬೂದಿ ಬಿಡುತ್ತದೆ. ತುಂಡುಗಳ ಗಾತ್ರ ಒಂದೇ ಸಮ ಇರುವುದಿಲ್ಲ. ಅಚ್ಚೊತ್ತಿದ ಉಂಡೆ ಸಮನಾಗಿ ಬಹಳ ಹೊತ್ತು ಉರಿಯುತ್ತದೆ, ಬೂದಿ ಹೆಚ್ಚು. ತೆಂಗಿನ ಕರಟದ ಇದ್ದಿಲಿನ ಉಂಡೆಗಳೂ ಚೆನ್ನಾಗಿ ಬಾಳುತ್ತವೆ.

ಅಮೆರಿಕದ ನೈರುತ್ಯ ಭಾಗದಲ್ಲಿ ಹೆಸರಾದ ಮೆಸ್ಕೀಟ್ ಕಟ್ಟಿಗೆಯು ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮೂಲದ ಬಳ್ಳಾರಿ ಜಾಲಿ ಕರ್ನಾಟಕದ ಒಣಭೂಮಿಯಲ್ಲಿ ಕಳೆಯಂತೆ ಹರಡಿದ್ದು, ಭಾರತದಲ್ಲಿ ಇದ್ದಿಲು ತಯಾರಿಕೆಗೆ ಬಳಕೆಯಾಗುತ್ತದೆ. ಪಾಕಕ್ರಮದಲ್ಲಿ ಮೆಸ್ಕೀಟ್ ಇದ್ದಿಲು ಎಂದಿದ್ದರೆ ಇದನ್ನು ನಿಶ್ಚಿಂತೆಯಿಂದ ಬಳಸಬಹುದು. ಹಿಕರಿ, ಓಕ್, ಸೇಬು, ಚೆರ್ರಿ ಕಟ್ಟಿಗೆಗಳನ್ನು ಹೊಗೆಗಾಗಿ ಸೂಚಿಸಿದ್ದಲ್ಲಿ ಮಾವು, ಸೀಬೆಯಂತಹ ಹಣ್ಣಿನ ಮರದ ಚೆನ್ನಾಗಿ ಒಣಗಿದ ತುಂಡುಗಳು ಸಾಕು. ರಾಳವಿರುವ ಪೈನ್, ಬಣ್ಣ ಬಳಿದ ಹಲಗೆ, ಪ್ಲೈವುಡ್, ಔಷಧ ಹಾಕಿದ ಮರ ಇವುಗಳನ್ನು ಎಂದಿಗೂ ಉರಿಸಬಾರದು. ಕಣಗಿಲೆಯ ಗಿಡ ಇಡಿಯಾಗಿ ವಿಷ. ಅದರ ಕಡ್ಡಿಯನ್ನು ಮಾಂಸ ಪೋಣಿಸಲೂ ಬಳಸಬಾರದು.

ಇದ್ದಿಲು ಹೊತ್ತಿಸಲು ಸೀಮೆಎಣ್ಣೆ ಸುರಿದರೆ ಅದರ ವಾಸನೆ ಆಹಾರಕ್ಕೆ ಅಂಟುತ್ತದೆ. ಚಿಮಣಿ ಎಂದು ಕರೆಯುವ, ತಳದಲ್ಲಿ ಜಾಲರಿಯಿರುವ ತಗಡಿನ ಕೊಳವೆಯ ಕೆಳಗೆ ಹಳೆಯ ಪತ್ರಿಕೆಯ ಎರಡು ಹಾಳೆ ಇಟ್ಟು ಹಚ್ಚಿದರೆ ಹದಿನೈದಿಪ್ಪತ್ತು ನಿಮಿಷದಲ್ಲಿ ಇದ್ದಿಲಿನ ಮೇಲೆ ಬಿಳಿ ಬೂದಿ ಮೂಡಿ ಕೆಂಡ ಸಿದ್ಧವಾಗುತ್ತದೆ.

ಪೂರಕ ಸಲಕರಣೆಗಳಲ್ಲಿ ಅನಿವಾರ್ಯವಾದುದು ಚೂಪುತುದಿಯ ಡಿಜಿಟಲ್ ತಾಪಮಾಪಕ. ಮುಚ್ಚಳದಲ್ಲಿ ಕೂರಿಸಿರುವ ಮುಳ್ಳಿನ ಮಾಪಕ ಮೇಲಿನ ಗಾಳಿಯ ತಾಪವನ್ನು ತೋರಿಸುತ್ತದೆಯೇ ಹೊರತು ಮಾಂಸದ್ದನ್ನಲ್ಲ. ಉದ್ದನೆಯ ಇಕ್ಕಳ ಮತ್ತು ದಪ್ಪ ಕೈಗವಸು ಬೇಕು. ಉಳಿದವು ಇದ್ದರೆ ಚೆನ್ನ, ಇಲ್ಲದಿದ್ದರೂ ನಡೆಯುತ್ತದೆ.

ಪಾಕಕ್ರಮದ ಆಯ್ಕೆ

ಅಮೆರಿಕದಲ್ಲಿ ಪ್ರದೇಶಕ್ಕೊಂದು ಸಂಪ್ರದಾಯವಿದೆ. ಉತ್ತರ ಕೆರೊಲಿನದ ಪೂರ್ವಭಾಗದಲ್ಲಿ ಇಡೀ ಹಂದಿಯ ಮಾಂಸಕ್ಕೆ ವಿನೆಗರ್, ಒಣಮೆಣಸಿನ ತರಿ, ಉಪ್ಪುಗಳ ತೆಳು ಸಾರು. ದಕ್ಷಿಣ ಕೆರೊಲಿನದ ಕೆಲವೆಡೆ ಸಾಸಿವೆಯ ಸಾಸ್. ಮೆಂಫಿಸ್‌ನಲ್ಲಿ ಒಣ ಮಸಾಲೆ ಸವರಿದ ಹಂದಿಯ ಪಕ್ಕೆಲುಬು. ಮಧ್ಯ ಟೆಕ್ಸಸ್‌ನಲ್ಲಿ ಉಪ್ಪು, ಕರಿಮೆಣಸು ಮಾತ್ರ ಹಚ್ಚಿದ ದನದ ಎದೆಭಾಗ. ಕ್ಯಾನ್ಸಸ್ ಸಿಟಿಯಲ್ಲಿ ಟೊಮೇಟೊ ಮತ್ತು ಕಾಕಂಬಿಯ ಸಿಹಿ ಸಾಸ್. ಅಂಗಡಿಯ ಶೀಶೆಗಳಲ್ಲಿ ಬಾರ್ಬೆಕ್ಯೂ ಸಾಸ್ ಎಂದು ಸಿಗುವುದು ಬಹುಪಾಲು ಈ ಕೊನೆಯ ಬಗೆ. ಇದರಲ್ಲಿ ಸಕ್ಕರೆ ಅಧಿಕವಾಗಿರುವುದರಿಂದ ಮೊದಲೇ ಸವರಿದರೆ ಕರಿಯುತ್ತದೆ. ಬೆಂಕಿಯಿಂದ ಇಳಿಸುವ ಹತ್ತು ನಿಮಿಷ ಮುಂಚೆ ಹಚ್ಚುವುದು ಸರಿ.

ಮೊದಲ ಪ್ರಯತ್ನಕ್ಕೆ ಇಡೀ ಕೋಳಿ ಉತ್ತಮ ಆಯ್ಕೆ. ಹಾಳಾದರೂ ನಷ್ಟ ಕಡಿಮೆ. ಒಂದೂಕಾಲು ಕಿಲೋಗ್ರಾಂ ತೂಕದ ಕೋಳಿಯ ಬೆನ್ನೆಲುಬನ್ನು ಕತ್ತರಿಸಿ ತೆಗೆದು, ಎದೆಯನ್ನು ಒತ್ತಿ ಪುಸ್ತಕದಂತೆ ಚಪ್ಪಟೆಯಾಗಿಸಬೇಕು. ಕಿಲೋಗ್ರಾಮಿಗೆ ಸುಮಾರು 10 ಗ್ರಾಂ ಉಪ್ಪು ಸವರಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಮುಚ್ಚದೆ ಇಟ್ಟರೆ ಉಪ್ಪು ಒಳಗಿಳಿಯುತ್ತದೆ, ಚರ್ಮ ಆರುತ್ತದೆ. ಮರುದಿನ ಕೆಂಡವಿಲ್ಲದ ಬದಿಯಲ್ಲಿ, ಕಾಲುಗಳು ಕೆಂಡದ ಕಡೆಗಿರುವಂತೆ ಇಟ್ಟು, 180ರಿಂದ 200 ಡಿಗ್ರಿಯಲ್ಲಿ ಮುಚ್ಚಿ ಬೇಯಿಸಿದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಲ್ಲಿ ಎದೆಯ ಒಳತಾಪ 74 ಡಿಗ್ರಿ ತಲುಪುತ್ತದೆ. ಭಾರತದಲ್ಲಿ ಕೋಳಿಯನ್ನು ಚರ್ಮ ಸುಲಿದು ಕೊಡುವುದೇ ರೂಢಿಯಾದ್ದರಿಂದ ಚರ್ಮಸಹಿತ ಬೇಕೆಂದು ಅಂಗಡಿಯವರಿಗೆ ಮೊದಲೇ ಹೇಳಬೇಕು. ಚರ್ಮವಿಲ್ಲದಿದ್ದರೆ ಮೊಸರು ಮತ್ತು ಎಣ್ಣೆ ಬೆರೆಸಿದ ಮಸಾಲೆಯ ಲೇಪ ಆ ರಕ್ಷಣೆಯನ್ನು ತಕ್ಕಮಟ್ಟಿಗೆ ಕೊಡುತ್ತದೆ.

ಮಂದ ಶಾಖದ ಅಡುಗೆಯನ್ನು ಕಲಿಯಲು ಹಂದಿಯ ಭುಜ ಅನುಕೂಲಕರ. ಕೊಬ್ಬು ಮತ್ತು ಕೊಲಾಜನ್ ಎರಡೂ ಧಾರಾಳವಾಗಿರುವುದರಿಂದ ತಾಪ ಸ್ವಲ್ಪ ಏರುಪೇರಾದರೂ ಮಾಂಸ ಕೆಡುವುದಿಲ್ಲ. ಮೂರು ಕಿಲೋಗ್ರಾಂ ತೂಕದ ಮೂಳೆಸಹಿತ ತುಂಡಿಗೆ ಉಪ್ಪು ಹಚ್ಚಿ, ನಾಲ್ಕು ಚಮಚ ಬೆಲ್ಲದ ಪುಡಿ, ನಾಲ್ಕು ಚಮಚ ಬ್ಯಾಡಗಿ ಮೆಣಸಿನ ಪುಡಿ, ಎರಡು ಚಮಚ ಕರಿಮೆಣಸಿನ ಪುಡಿ, ಒಂದು ಚಮಚ ಬೆಳ್ಳುಳ್ಳಿ ಪುಡಿಗಳ ಮಿಶ್ರಣವನ್ನು ಸವರುತ್ತಾರೆ. ಅಮೆರಿಕದ ಪಾಕಕ್ರಮಗಳಲ್ಲಿ ಪ್ಯಾಪ್ರಿಕ ಎಂದಿರುವಲ್ಲಿ ಬಣ್ಣ ಹೆಚ್ಚು, ಖಾರ ಮಿತವಾಗಿರುವ ಬ್ಯಾಡಗಿ ಚೆನ್ನಾಗಿ ಹೊಂದುತ್ತದೆ; ಗುಂಟೂರು ಮೆಣಸಿನಕಾಯಿಯನ್ನು ಅದೇ ಅಳತೆಯಲ್ಲಿ ಹಾಕಿದರೆ ತಿನ್ನಲಾಗದು. 110ರಿಂದ 120 ಡಿಗ್ರಿಯಲ್ಲಿ ಹತ್ತರಿಂದ ಹದಿಮೂರು ಗಂಟೆ ಹಿಡಿಯಬಹುದು. ಮೂಳೆ ಸಲೀಸಾಗಿ ಕಳಚಿದಾಗ ಬೆಂದಿದೆ ಎಂದು ತಿಳಿಯಬೇಕು. ಸುತ್ತಿ ಒಂದು ಗಂಟೆ ತಣಿಯಬಿಟ್ಟು, ಎಳೆ ಎಳೆಯಾಗಿ ಬಿಡಿಸಿ, ವಿನೆಗರ್ ಸಾಸ್ ಬೆರೆಸಿ ಬನ್ನಿನೊಂದಿಗೆ ಬಡಿಸುತ್ತಾರೆ. ಹೊತ್ತಿಗೆ ಸರಿಯಾಗಿ ಊಟಕ್ಕೆ ಕರೆದಿರುವ ದಿನ ಇದನ್ನು ಮೊದಲ ಬಾರಿ ಮಾಡದಿರುವುದು ಒಳ್ಳೆಯದು.

ಸಸ್ಯಾಹಾರದಲ್ಲಿ ಮುಸುಕಿನ ಜೋಳ, ಬದನೆ, ದೊಣ್ಣೆಮೆಣಸಿನಕಾಯಿ, ಅಣಬೆ, ಅನಾನಸು ನೇರ ಶಾಖಕ್ಕೆ ಒಗ್ಗುತ್ತವೆ. ಹುಳಿ ಹಿಂಡಿ ಒಡೆಸಿದ ಪನೀರು ಚೀಸಿನಂತೆ ಕರಗಿ ಹರಿಯುವುದಿಲ್ಲವಾದ್ದರಿಂದ ಜಾಲರಿಯ ಮೇಲೆ ಧೈರ್ಯವಾಗಿ ಇಡಬಹುದು. ಹೆಚ್ಚು ಹೊತ್ತಾದರೆ ಮಾತ್ರ ರಬ್ಬರಿನಂತಾಗುತ್ತದೆ. ಆಲೂಗಡ್ಡೆ, ಗೆಣಸುಗಳನ್ನು ಅರ್ಧ ಬೇಯಿಸಿಕೊಂಡು ಸುಡಬೇಕು. ಬದನೆಯನ್ನು ಕೆಂಡದಲ್ಲಿ ಹೂತು ಸಿಪ್ಪೆ ಪೂರ್ತಿ ಕಪ್ಪಾಗುವವರೆಗೆ ಬಿಡುವ ನಮ್ಮ ಹಳೆಯ ಕ್ರಮಕ್ಕೆ ಯಾವ ಉಪಕರಣವೂ ಬೇಡ.

ಸುರಕ್ಷತೆ

ಇದ್ದಿಲು ಉರಿಯುವಾಗ ಬಣ್ಣ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಬಿಡುಗಡೆಯಾಗುತ್ತದೆ. ಜ್ವಾಲೆಯಿಲ್ಲದೆ ಬೂದಿ ಮುಚ್ಚಿದ ಕೆಂಡವೂ ಇದನ್ನು ಹೊರಸೂಸುತ್ತಲೇ ಇರುತ್ತದೆ. ಮನೆಯೊಳಗೆ, ಗ್ಯಾರೇಜಿನಲ್ಲಿ, ಗುಡಾರದಲ್ಲಿ, ಗಾಜು ಹಾಕಿ ಮುಚ್ಚಿದ ಬಾಲ್ಕನಿಯಲ್ಲಿ ಇದ್ದಿಲಿನ ಒಲೆಯನ್ನು ಬಳಸಲೇಬಾರದು. ಮಳೆ ಬಂತೆಂದು ಆರದ ಒಲೆಯನ್ನು ಒಳಗೆ ತರುವುದೂ ಅಷ್ಟೇ ಅಪಾಯಕರ. ಉತ್ತರ ಭಾರತದಲ್ಲಿ ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯಿಟ್ಟು ಮಲಗಿದವರು ಮೃತಪಡುವುದು ಇದೇ ಅನಿಲದಿಂದ. ತಲೆನೋವು, ತಲೆಸುತ್ತು, ವಾಕರಿಕೆ ಇದರ ಮೊದಲ ಲಕ್ಷಣಗಳು. ಕಂಡಕೂಡಲೇ ಎಲ್ಲರೂ ತೆರೆದ ಗಾಳಿಗೆ ಬಂದು ವೈದ್ಯಕೀಯ ನೆರವು ಪಡೆಯಬೇಕು. ಬಹುಮಹಡಿ ವಸತಿಗಳ ಬಾಲ್ಕನಿಯಲ್ಲಿ, ಅದು ತೆರೆದದ್ದಾದರೂ, ಬೆಂಕಿ ತಗಲುವ ಭಯವಿರುವುದರಿಂದ ಅಮೆರಿಕದ ಹಲವು ಕಡೆ ಅಗ್ನಿ ನಿಯಮಗಳು ಇದನ್ನು ನಿರ್ಬಂಧಿಸುತ್ತವೆ.

ಅಮೆರಿಕದ ಕೃಷಿ ಇಲಾಖೆಯ ಸೂಚನೆಯಂತೆ ಕೋಳಿಯ ಎಲ್ಲ ಭಾಗಗಳ ಒಳತಾಪ 74 ಡಿಗ್ರಿ, ಕೊಚ್ಚಿದ ಮಾಂಸದ್ದು 71 ಡಿಗ್ರಿ, ಮೀನಿನದು 63 ಡಿಗ್ರಿ ತಲುಪಬೇಕು. ದನ, ಕುರಿ, ಹಂದಿಗಳ ಇಡೀ ತುಂಡುಗಳಿಗೆ 63 ಡಿಗ್ರಿ ಮತ್ತು ಅನಂತರ ಮೂರು ನಿಮಿಷದ ವಿಶ್ರಾಂತಿ ಸಾಕು. ಕೊಚ್ಚುವಾಗ ಹೊರಮೈಯ ರೋಗಾಣುಗಳು ಒಳಗೆಲ್ಲ ಬೆರೆಯುವುದರಿಂದ ಕೊಚ್ಚಿದ ಮಾಂಸಕ್ಕೆ ಹೆಚ್ಚಿನ ತಾಪ ಬೇಕು. ಬಣ್ಣ ನೋಡಿ ನಿರ್ಧರಿಸುವಂತಿಲ್ಲ: ಹೊಗೆಯಲ್ಲಿ ಬೆಂದ ಮಾಂಸದ ಅಂಚು ಹೊಗೆಯ ಅನಿಲಗಳ ಪರಿಣಾಮದಿಂದ ಪೂರ್ತಿ ಬೆಂದಮೇಲೂ ಗುಲಾಬಿಯಾಗಿಯೇ ಉಳಿಯುತ್ತದೆ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ, ಹವೆ 32 ಡಿಗ್ರಿ ದಾಟಿದ ದಿನ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಹಸಿ ಮಾಂಸ ನೆನೆಸಿದ ಮಸಾಲೆಯನ್ನು ಕುದಿಸದೆ ಸಾಸಾಗಿ ಬಡಿಸಬಾರದು.

ಮಾಂಸವನ್ನು ಅತಿ ಉರಿಯಲ್ಲಿ ಕರಿಯಾಗಿಸಿದಾಗ ಹೆಟೆರೊಸೈಕ್ಲಿಕ್ ಅಮೀನುಗಳೂ, ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಏಳುವ ಹೊಗೆಯಲ್ಲಿ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೊಕಾರ್ಬನ್ನುಗಳೂ ಉಂಟಾಗುತ್ತವೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇವು ಕ್ಯಾನ್ಸರಿಗೆ ಕಾರಣವಾಗಿವೆ. ಆಗಾಗ್ಗೆ ತಿರುವಿಹಾಕುವುದು, ಜ್ವಾಲೆಯಿಂದ ದೂರ ಸರಿಸುವುದು, ಕರಿದ ಭಾಗವನ್ನು ಕತ್ತರಿಸಿ ಬಿಡುವುದು ಇವುಗಳನ್ನು ತಗ್ಗಿಸುತ್ತವೆ.

ಜಾಲರಿ ಉಜ್ಜುವ ತಂತಿಯ ಬ್ರಷ್ಷಿನಿಂದ ಉದುರಿದ ಎಳೆ ಆಹಾರಕ್ಕೆ ಅಂಟಿ ಗಂಟಲು, ಕರುಳಿಗೆ ಚುಚ್ಚಿದ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2012ರಲ್ಲಿ ವರದಿ ಮಾಡಿತು. ಬಿಸಿ ಜಾಲರಿಯನ್ನು ಮಡಿಚಿದ ಅಲ್ಯೂಮಿನಿಯಂ ಹಾಳೆ ಅಥವಾ ಅರ್ಧ ಈರುಳ್ಳಿಯಿಂದ ಉಜ್ಜಿದರೂ ಶುಚಿಯಾಗುತ್ತದೆ. ಅಡುಗೆ ಮುಗಿದ ಮೇಲೆ ಗಾಳಿಕಿಂಡಿಗಳನ್ನೆಲ್ಲ ಮುಚ್ಚಿ ಕೆಂಡವನ್ನು ನಂದಿಸಬೇಕು; ಉಳಿದ ಇದ್ದಿಲು ಮುಂದಿನ ಸಲಕ್ಕೆ ಬರುತ್ತದೆ. ಬೂದಿಯೊಳಗೆ ಕೆಂಡ ಒಂದು ದಿನದವರೆಗೂ ಜೀವ ಹಿಡಿದಿರಬಹುದಾದ್ದರಿಂದ ಅದನ್ನು ಎರಡು ದಿನ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಟ್ಟು ಆಮೇಲೆ ಕಸಕ್ಕೆ ಹಾಕಬೇಕು.